ತೇಗ ಯಾವ ಕುಟುಂಬ? ಕಲ್ಲುಹೂವಿಗೆ ಬೋರ್ಡು ಬರೆಸೋದು ಹೇಗೆ?

ಪ್ರಶ್ನೆ: ಮೂಡಿಗೆರೆ ಟೀಚರ್

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನಮ್ಮ ಕಾಂಪೌಂಡಿನಲ್ಲಿ ಒಳ್ಳೊಳ್ಳೆ ಮರಗಳಿವೆ. ತೇಗ, ಶಿವನೆ, ಸಂಪಿಗೆ, ನಾಗಸಂಪಿಗೆ, ಬೂರುಗ. ಬೇಲಿ ಉದ್ದಕ್ಕೂ ಸಿಲ್ವರ್ ಓಕ್. ಈ ವರ್ಷ ಒಂಬತ್ತನೇ ಕ್ಲಾಸಿನ ಮಕ್ಕಳ ಕೈಯಲ್ಲಿ ಎಲ್ಲದಕ್ಕೂ ಹೆಸರಿನ ಬೋರ್ಡು ಬರೆಸಲು ಹೊರಟಿದ್ದೇವೆ. ಮೊದಲ ಸಾಲು ಕನ್ನಡದ ಹೆಸರು, ಎರಡನೇ ಸಾಲು ವೈಜ್ಞಾನಿಕ ಹೆಸರು, ಮೂರನೇ ಸಾಲು ಕುಟುಂಬ. ತಗಡು, ಪೇಂಟು ಎಲ್ಲ ಊರಿನವರೇ ಕೊಡಿಸಿದ್ದಾರೆ.

ಮೂರನೇ ಸಾಲಿಗೆ ಬಂದು ಕೆಲಸ ನಿಂತಿದೆ. ಲೈಬ್ರರಿಯ ಹಳೇ ಪುಸ್ತಕದಲ್ಲಿ ತೇಗದ ಕುಟುಂಬ ವರ್ಬಿನೇಸಿ. ಮಕ್ಕಳು ಮೊಬೈಲಿನಲ್ಲಿ ಹುಡುಕಿದರೆ ಲ್ಯಾಮಿಯೇಸಿ. ಲ್ಯಾಮಿಯೇಸಿ ಅಂದ್ರೆ ತುಳಸಿ, ತುಂಬೆ, ಪುದೀನ ಅಲ್ವಾ? ಮೊಣಕಾಲೆತ್ತರದ ತುಂಬೆಗೂ ಅಷ್ಟು ದೊಡ್ಡ ತೇಗದ ಮರಕ್ಕೂ ಏನು ಸಂಬಂಧ ಅಂತ ಮಕ್ಕಳು ಕೇಳುತ್ತಾರೆ. ನಾಗಸಂಪಿಗೆಗೆ ಒಂದು ಕಡೆ ಗಟ್ಟಿಫೆರೆ, ಇನ್ನೊಂದು ಕಡೆ ಕ್ಲೂಸಿಯೇಸಿ, ಮತ್ತೊಂದು ಕಡೆ ಕ್ಯಾಲೋಫಿಲೇಸಿ. ಸಂಪಿಗೆಗೆ ಕುಟುಂಬ ಒಂದೇ ಇದೆ, ಆದರೆ ಹೆಸರೇ ಎರಡಿವೆ. ಯಾವುದನ್ನು ನಂಬಬೇಕು? ಪೇಂಟು ಒಣಗಿದ ಮೇಲೆ ಅಳಿಸಿ ಬರೆಸುವ ಹಾಗಿಲ್ಲ.

ಇನ್ನೊಂದು ವಿಷಯ. ಸಿಲ್ವರ್ ಓಕಿನ ಕಾಂಡದ ತುಂಬ ಬೂದು ಬಣ್ಣದ ಕಲ್ಲುಹೂವು ಹಬ್ಬಿದೆ. ಒಬ್ಬ ಹುಡುಗಿ ಅದನ್ನು ತೋರಿಸಿ, "ಮೇಡಂ, ಇದಕ್ಕೆ ಬೋರ್ಡು ಬೇಡ್ವಾ?" ಅಂದಳು. ಅವಳ ಮನೆಯವರು ಕಲ್ಲುಹೂವು ಕೂಡಿಸಿ ಸಂತೆಯಲ್ಲಿ ಮಾರುತ್ತಾರಂತೆ. ಪ್ರಶ್ನೆ ನನಗೆ ತುಂಬ ಇಷ್ಟವಾಯಿತು. ಲೈಕೆನ್ ಅಂದರೆ ಶಿಲೀಂಧ್ರ ಮತ್ತು ಪಾಚಿ ಜೊತೆಯಾಗಿ ಬದುಕೋದು ಅಂತ ಪಾಠದಲ್ಲೇ ಇದೆ. ಹಾಗಿದ್ದ ಮೇಲೆ ವೈಜ್ಞಾನಿಕ ಹೆಸರು ಯಾರದು? ಶಿಲೀಂಧ್ರದ್ದೋ, ಪಾಚಿಯದೋ, ಇಬ್ಬರದೂ ಸೇರಿಸಿದ್ದೋ? ಕುಟುಂಬ ಅಂತ ಏನು ಬರೆಸಲಿ?

ತಿಳಿದವರು ದಯವಿಟ್ಟು ಬಿಡಿಸಿ ಹೇಳಿ. ಮಕ್ಕಳಿಗೆ ಓದಿ ಹೇಳುತ್ತೇನೆ.

ಉತ್ತರ: ತಿಪಟೂರು ನರ್ಸರಿ

ಮೇಡಂ, ನನ್ನ ಸಲಹೆ ಕೇಳಿದರೆ ಕುಟುಂಬದ ಸಾಲನ್ನೇ ಬಿಟ್ಟುಬಿಡಿ. ಕನ್ನಡದ ಹೆಸರು ದಪ್ಪಗೆ ಬರೆಸಿ, ಕೆಳಗೆ ವೈಜ್ಞಾನಿಕ ಹೆಸರು ಸಣ್ಣಗೆ. ಸಾಕು.

ನಮ್ಮ ಕಡೆ ಜಾಲಿಯ ಕಥೆ ಕೇಳಿ. ಕರಿಜಾಲಿ ಅಂದರೆ ಅಕೇಶಿಯಾ ನೈಲೋಟಿಕಾ ಅಂತ ನಾವು ಓದಿಕೊಂಡು ಬಂದೆವು. ಈಗ ಅದು ವಾಚೆಲಿಯಾ ನೈಲೋಟಿಕಾ. ಕಾಚಿನ ಮರ ಸೆನೆಗೇಲಿಯಾ ಕಟೆಚು. ಆದರೆ ಆಸ್ಟ್ರೇಲಿಯಾ ಕಡೆಯಿಂದ ತಂದು ನೆಡುತೋಪು ಮಾಡಿದ ಅಕೇಶಿಯಾ ಆರಿಕ್ಯುಲಿಫಾರ್ಮಿಸ್ ಮಾತ್ರ ಇವತ್ತಿಗೂ ಅಕೇಶಿಯಾನೇ. ನಮ್ಮ ನೆಲದ ಜಾಲಿಗೆ ಹೆಸರು ಹೋಯಿತು, ಹೊರಗಿನದಕ್ಕೆ ಉಳಿಯಿತು. 2005ರಲ್ಲಿ ವಿಯೆನ್ನಾದ ಅಂತಾರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ ಹಾಗೆ ತೀರ್ಮಾನ ಆಯಿತು. ಜಗಳ ನಡೆದು 2011ರಲ್ಲಿ ಮೆಲ್ಬರ್ನ್‌ನಲ್ಲಿ ಅದೇ ಗಟ್ಟಿಯಾಯಿತು. ಅಕೇಶಿಯಾ ಅನ್ನೋ ಹೆಸರು ಬೇರೆಯವರಿಗೆ ಹೋದರೆ ಆಸ್ಟ್ರೇಲಿಯಾದ ಸಾವಿರದಷ್ಟು ಪ್ರಭೇದಗಳ ಹೆಸರು ಬದಲಿಸಬೇಕಾಗುತ್ತದೆ ಅನ್ನೋದು ಅವರ ವಾದ. ವಾದ ಅರ್ಥವಾಗುತ್ತದೆ. ಆದರೂ ಹೊಟ್ಟೆ ಉರಿಯುತ್ತದೆ.

ಹೆಸರೇ ಹೀಗೆ ಓಡಾಡುವಾಗ ಕುಟುಂಬದ ಗೋಜಿಗೆ ಮಕ್ಕಳನ್ನು ಯಾಕೆ ನೂಕಬೇಕು?

ಉತ್ತರ: ಶಿವಮೊಗ್ಗದ ಬಾಟನಿ ಮೇಷ್ಟ್ರು

ಮೇಡಂ, ಕುಟುಂಬದ ಸಾಲು ಮಾತ್ರ ಬಿಡಬೇಡಿ. ಕೈಮುಗಿದು ಕೇಳಿಕೊಳ್ಳುತ್ತೇನೆ. ನರ್ಸರಿಯವರ ಸಂಕಟ ನನಗೂ ಗೊತ್ತು. ಜಾಲಿಯ ವಿಷಯದಲ್ಲಿ ಅವರು ಹೇಳಿದ್ದೆಲ್ಲ ಸರಿ. ಆದರೆ ರಿಟೈರ್ ಆಗುವ ತನಕ ಕಾಲೇಜಿನಲ್ಲಿ ಟ್ಯಾಕ್ಸಾನಮಿ, ಅಂದರೆ ಗಿಡಗಳ ವರ್ಗೀಕರಣ, ಪಾಠ ಮಾಡಿದವನು ನಾನು. ಹೆಸರನ್ನು ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸಿಬಿಡುತ್ತಾರೆ. ಕುಟುಂಬ ಗೊತ್ತಾಗಬೇಕಾದರೆ ಹೂವನ್ನು ಕೈಗೆ ತಗೊಂಡು ಬಿಡಿಸಿ ನೋಡಲೇಬೇಕು. ಬೋರ್ಡಿನಲ್ಲಿ ಮಕ್ಕಳನ್ನು ಗಿಡದ ಹತ್ತಿರಕ್ಕೆ ಎಳೆಯುವ ಸಾಲು ಇದೊಂದೇ.

ತೇಗಕ್ಕೆ ಲ್ಯಾಮಿಯೇಸಿ ಅಂತಲೇ ಬರೆಸಿ. ಶಿವನೆಗೂ ಅದೇ. ಬೇಲಿಯಲ್ಲಿ ಲಕ್ಕಿ ಗಿಡ ಇದ್ದರೆ ಅದಕ್ಕೂ ಅದೇ. ಹಿಂದೆ ಈ ಮೂರೂ ವರ್ಬಿನೇಸಿಯಲ್ಲಿದ್ದವು. ಆಗ ಮುಖ್ಯವಾಗಿ ನೋಡುತ್ತಿದ್ದದ್ದು ಅಂಡಾಶಯವನ್ನು. ಅದು ಆಳವಾಗಿ ನಾಲ್ಕು ಹೋಳಾಗಿದ್ದು, ಶಲಾಕೆ (ಅಂಡಾಶಯದಿಂದ ಮೇಲೇಳುವ ಸಣ್ಣ ಕಡ್ಡಿ) ಅದರ ಬುಡದಿಂದ ಎದ್ದಿದ್ದರೆ ತುಳಸಿಯ ಕಡೆ. ಶಲಾಕೆ ಅಂಡಾಶಯದ ನೆತ್ತಿಯ ಮೇಲಿದ್ದರೆ ವರ್ಬಿನೇಸಿ. ಗುರುತಿಸೋದು ಸುಲಭ. ಆದರೆ ನಿಜವಾದ ನಂಟು ಆ ಗುರುತಿನಲ್ಲಿ ಇರಲಿಲ್ಲ. ಹೂಗೊಂಚಲು ಕಟ್ಟುವ ರೀತಿ, ಬೀಜಾಂಡ ಅಂಟಿರುವ ಜಾಗ, ಆಮೇಲೆ ಡಿಎನ್ಎ, ಇವನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ ತೇಗ ತುಳಸಿಯ ಬಳಗಕ್ಕೇ ಸೇರಿತು.

ಇದರಲ್ಲಿ ಒಂದನ್ನು ನಿಮ್ಮ ಮಕ್ಕಳು ಕಣ್ಣಾರೆ ನೋಡಬಹುದು. ಲಂಟಾನದ ಒಂದು ಹೂಗೊಂಚಲು ಕಿತ್ತು ಮೇಲಿಂದ ನೋಡಲಿ. ಅಂಚಿನ ಹೂಗಳು ಮೊದಲು ಅರಳಿ ಬಣ್ಣ ತಿರುಗಿರುತ್ತವೆ. ಅದರ ಒಳಗಿನ ಸುತ್ತು ಹೊಸದಾಗಿ ಅರಳಿದ ಹಳದಿ. ನಟ್ಟನಡುವೆ ಇನ್ನೂ ಮೊಗ್ಗು. ಹೊರಗಿನಿಂದ ಒಳಕ್ಕೆ ಅರಳುತ್ತಾ ಹೋಗುತ್ತದೆ. ಲಂಟಾನ ಇವತ್ತಿಗೂ ವರ್ಬಿನೇಸಿಯೇ. ಮಳೆಗಾಲದಲ್ಲಿ ತೇಗ ಹೂ ಬಿಟ್ಟಾಗ ಬಿದ್ದ ಒಂದು ಗೊಂಚಲು ಎತ್ತಿಕೊಳ್ಳಿ. ತುದಿಯ ಸಣ್ಣ ಕವಲಿನಲ್ಲಿ ನಡುವೆ ಒಂದು ಹೂ, ಅಕ್ಕಪಕ್ಕ ಎರಡು. ನಡುವಿನದು ಮೊದಲು ಅರಳುತ್ತದೆ, ಪಕ್ಕದವು ಆಮೇಲೆ. ಭೂತಗನ್ನಡಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಕಾಣುತ್ತದೆ. ಇದನ್ನು ನೋಡಿದ ಮಗು ಮೊಣಕಾಲೆತ್ತರ, ಮರದೆತ್ತರ ಅಂತ ಕೇಳೋದಿಲ್ಲ. ಎತ್ತರಕ್ಕೂ ಕುಟುಂಬಕ್ಕೂ ಸಂಬಂಧವಿಲ್ಲ. ಬಿದಿರೂ ರಾಗಿಯೂ ಒಂದೇ ಕುಟುಂಬ, ಪೋಯೇಸಿ.

ಎರಡು ಪುಸ್ತಕ ಬೇರೆ ಬೇರೆ ಹೇಳಿದಾಗಲೆಲ್ಲ ಕಾರಣ ಒಂದೇ ಅಲ್ಲ. ಇದನ್ನು ದಯವಿಟ್ಟು ಮಕ್ಕಳಿಗೆ ಹೇಳಿ. ತೇಗದ ಹೆಸರು ಬದಲಾಗಲಿಲ್ಲ, ಕುಟುಂಬ ಬದಲಾಯಿತು. ಸಂಪಿಗೆಯದು ಉಲ್ಟಾ. ಕುಟುಂಬ ಮ್ಯಾಗ್ನೋಲಿಯೇಸಿ ಹಾಗೇ ಇದೆ, ಮಿಚೇಲಿಯಾ ಚಂಪಕ ಹೋಗಿ ಮ್ಯಾಗ್ನೋಲಿಯಾ ಚಂಪಕ ಆಯಿತು. ಮಿಚೇಲಿಯಾ ಅನ್ನುವ ಜೀನಸ್ಸನ್ನೇ (ಕುಟುಂಬದೊಳಗಿನ ಸಣ್ಣ ಗುಂಪು, ಹೆಸರಿನ ಮೊದಲ ಪದ) ಮ್ಯಾಗ್ನೋಲಿಯಾದೊಳಗೆ ಸೇರಿಸಿದರು. ಬೂರುಗದಲ್ಲಿ ಇಡೀ ಕುಟುಂಬವೇ ಇನ್ನೊಂದರಲ್ಲಿ ಕರಗಿತು. ಹಳೆಯ ಬೊಂಬಕೇಸಿ, ಸ್ಟರ್ಕ್ಯುಲಿಯೇಸಿ, ಟಿಲಿಯೇಸಿ ಮೂರೂ ಈಗ ಮಾಲ್ವೇಸಿ. ದಾಸವಾಳ, ಹತ್ತಿ, ಬೆಂಡೆ, ಕೋಕೋ, ಸೆಣಬು, ಬೂರುಗ ಎಲ್ಲ ಒಂದೇ ಮನೆತನ. ಎಕ್ಕದ ಗಿಡಕ್ಕೂ ಹಾಗೇ ಆಯಿತು. ಎಸ್ಕ್ಲಿಪಿಯಡೇಸಿ ಅನ್ನೋದು ಈಗ ಬೇರೆ ಕುಟುಂಬವಲ್ಲ, ಕಣಗಿಲೆಯ ಎಪೋಸೈನೇಸಿಯಲ್ಲಿ ಸೇರಿದೆ.

ನಾಗಸಂಪಿಗೆಯಲ್ಲಿ ಎರಡು ಕಾರಣ ಬೆರೆತಿವೆ. ಗಟ್ಟಿಫೆರೆ, ಕ್ಲೂಸಿಯೇಸಿ ಎರಡೂ ಒಂದೇ ಕುಟುಂಬಕ್ಕೆ ಇರುವ ಎರಡು ಹೆಸರು. ಎರಡೂ ಕಾನೂನುಬದ್ಧ. ಹೀಗೆ ಜೋಡಿ ಹೆಸರು ಇರುವ ಎಂಟು ಕುಟುಂಬಗಳಿವೆ. ಗ್ರಾಮಿನೆ ಮತ್ತು ಪೋಯೇಸಿ, ಕಾಂಪೋಸಿಟೆ ಮತ್ತು ಆಸ್ಟರೇಸಿ, ಪಾಮೆ ಮತ್ತು ಅರೆಕೇಸಿ, ಹೀಗೆ. ಹಳೆಯದನ್ನು ಬರೆದರೆ ತಪ್ಪೇನಿಲ್ಲ. ಆದರೆ ಆ ಕುಟುಂಬದಿಂದ ನಾಗಸಂಪಿಗೆ, ಸುರಹೊನ್ನೆ, ಸುರಗಿ ಇವನ್ನೆಲ್ಲ ಬೇರೆ ತೆಗೆದು ಕ್ಯಾಲೋಫಿಲೇಸಿ ಅಂತ ಇಟ್ಟರು. ಮುರುಗಲು, ಉಪ್ಪಾಗೆ ಕ್ಲೂಸಿಯೇಸಿಯಲ್ಲೇ ಉಳಿದವು. ಆದ್ದರಿಂದ ನಿಮ್ಮ ಬೋರ್ಡಿಗೆ ಕ್ಯಾಲೋಫಿಲೇಸಿ.

ಈ ಹೊಸ ವಿಂಗಡಣೆಯನ್ನು ಎಪಿಜಿ ಅನ್ನುತ್ತಾರೆ, ಆಂಜಿಯೋಸ್ಪರ್ಮ್ ಫೈಲೋಜೆನಿ ಗ್ರೂಪ್ ಅನ್ನುವ ವಿಜ್ಞಾನಿಗಳ ತಂಡ ಮಾಡಿದ್ದು. 1998ರಲ್ಲಿ ಮೊದಲ ಆವೃತ್ತಿ, ಆಮೇಲೆ 2003, 2009, 2016. ನಾಗಸಂಪಿಗೆ ಬೇರೆಯಾದದ್ದು 2009ರದ್ದರಲ್ಲಿ. ನಿಮ್ಮ ಬೋರ್ಡುಗಳ ಪಕ್ಕ ಒಂದು ಸಣ್ಣ ತಗಡಿನಲ್ಲಿ "ಕುಟುಂಬಗಳು ಎಪಿಜಿ 2016ರ ಪ್ರಕಾರ" ಅಂತ ಬರೆಸಿಬಿಡಿ. ಮುಂದೆ ಏನೇ ಬದಲಾದರೂ ನಿಮ್ಮ ಬರಹ ಸುಳ್ಳಾಗುವುದಿಲ್ಲ. ಯಾವ ಲೆಕ್ಕದಲ್ಲಿ ಬರೆದಿರಿ ಅಂತ ಓದುವವರಿಗೆ ತಿಳಿಯುತ್ತದೆ.

ತುಳಸಿ ಗಿಡಕ್ಕೂ ಬರೆಸುತ್ತೀರಿ ಅಂದುಕೊಂಡಿದ್ದೇನೆ. ಆಸಿಮಮ್ ಸ್ಯಾಂಕ್ಟಮ್ ಬೇಡ, ಆಸಿಮಮ್ ಟೆನ್ಯುಯಿಫ್ಲೋರಮ್ ಇರಲಿ. ಎರಡೂ ಈ ಎರಡು ಪದದ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಲಿನೇಯಸ್ ಕೊಟ್ಟ ಹೆಸರುಗಳೇ. ಒಂದು 1753ರದು, ಸ್ಯಾಂಕ್ಟಮ್ 1767ರದು. ಒಂದೇ ಗಿಡಕ್ಕೆ ಎರಡು ಹೆಸರು ಬಿದ್ದಿದ್ದರೆ ಮೊದಲು ಅಚ್ಚಾದದ್ದಕ್ಕೆ ಹಕ್ಕು.

ವೈಜ್ಞಾನಿಕ ಹೆಸರಿನ ಕೊನೆಯಲ್ಲಿ ಹೆಸರಿಟ್ಟವರನ್ನೂ ಸೇರಿಸಿ. ಬಹಳ ಜನ ಅದನ್ನು ಕತ್ತರಿಸಿಬಿಡುತ್ತಾರೆ, ನನಗೆ ಬೇಸರವಾಗುತ್ತದೆ. ಟೆಕ್ಟೋನಾ ಗ್ರಾಂಡಿಸ್ ಆದ ಮೇಲೆ ಎಲ್. ಎಫ್. ಅಂತ ಬರುತ್ತದೆ. ಅದು ಲಿನೇಯಸ್‌ನ ಮಗ. ಮ್ಯಾಗ್ನೋಲಿಯಾ ಚಂಪಕದ ಮುಂದೆ ಕಂಸದೊಳಗೆ ಎಲ್. ಇರುತ್ತದೆ. ಅಪ್ಪ ಲಿನೇಯಸ್ ಇದಕ್ಕೆ ಮೊದಲು ಬೇರೆ ಜೀನಸ್‌ನಲ್ಲಿ ಹೆಸರಿಟ್ಟಿದ್ದ, ಆಮೇಲೆ ಇನ್ನೊಬ್ಬರು ಇಲ್ಲಿಗೆ ತಂದರು ಅಂತ ಆ ಕಂಸವೇ ಹೇಳುತ್ತದೆ. ಗಿಡದ ಇತಿಹಾಸ ಬೋರ್ಡಿನ ಮೇಲೇ ಇರುತ್ತದೆ, ಜಾಗವೂ ಜಾಸ್ತಿ ಬೇಡ.

ಇನ್ನು ಕಲ್ಲುಹೂವು. ಆ ಹುಡುಗಿಗೆ ನನ್ನ ಶಾಭಾಶ್ ಹೇಳಿ. ಖಂಡಿತ ಬೋರ್ಡು ಹಾಕಿಸಿ.

ಲೈಕೆನ್‌ಗೆ ಇಟ್ಟ ಹೆಸರು ಅದರಲ್ಲಿರುವ ಶಿಲೀಂಧ್ರದ ಹೆಸರು. ಹೆಸರಿಡುವ ಅಂತಾರಾಷ್ಟ್ರೀಯ ನಿಯಮದಲ್ಲೇ ಹಾಗೆ ಬರೆದಿದೆ. ಒಳಗಿರುವ ಪಾಚಿಗೆ ಅದರದೇ ಬೇರೆ ಹೆಸರು, ಬೇರೆ ಕುಟುಂಬ. ನಿಮ್ಮ ಸಿಲ್ವರ್ ಓಕಿನ ಮೇಲಿರುವಂಥದ್ದರ ಒಳಗೆ ಸಾಮಾನ್ಯವಾಗಿ ಟ್ರೆಬೂಕ್ಸಿಯಾ ಅನ್ನುವ ಹಸಿರು ಪಾಚಿ ಇರುತ್ತದೆ. ಬೋರ್ಡಿನಲ್ಲಿ ಅದನ್ನೂ ಒಂದು ಸಾಲು ಬರೆಸಿದರೆ ತುಂಬ ಚೆನ್ನ. ಯಾಕೆಂದರೆ ಊಟ ತಯಾರಿಸೋದು ಅದೇ.

ಲಿನೇಯಸ್ 1753ರಲ್ಲಿ ಎಲ್ಲ ಲೈಕೆನ್‌ಗಳನ್ನೂ ಲೈಕೆನ್ ಅನ್ನುವ ಒಂದೇ ಜೀನಸ್‌ನಲ್ಲಿ ತುಂಬಿ, ಪಾಚಿಗಳ ಸಾಲಿನಲ್ಲಿ ಕೂರಿಸಿದ. ಅವನ ಶಿಷ್ಯ ಎರಿಕ್ ಅಕೇರಿಯಸ್ ಅವನ್ನು ಬಿಡಿಸಿ ಹಲವು ಜೀನಸ್ ಮಾಡಿದ. ಆದರೂ ಆಗ ಅದು ಒಂದೇ ಜೀವಿ ಅಂತಲೇ ಎಲ್ಲರ ನಂಬಿಕೆ. ಇದು ಒಂದಲ್ಲ, ಎರಡು ಅಂತ 1867ರಲ್ಲಿ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್ ಹೇಳಿದಾಗ ದೊಡ್ಡ ದೊಡ್ಡ ಲೈಕೆನ್ ಪಂಡಿತರೇ ತಿರುಗಿಬಿದ್ದರು. ಅವನು ಹೇಳಿದ್ದೇ ನಿಂತಿತು. ನಿಮ್ಮ ಮಕ್ಕಳು ಅದನ್ನೇ ಪಾಠದಲ್ಲಿ ಓದುತ್ತಿದ್ದಾರೆ.

ಹಾಗಾಗಿ ಬೋರ್ಡಿನಲ್ಲಿ ಸಸ್ಯ ಅಂತ ಎಲ್ಲೂ ಬರಬಾರದು. ಶಿಲೀಂಧ್ರ ಸಾಮ್ರಾಜ್ಯ, ಆಸ್ಕೋಮೈಕೋಟಾ ವಿಭಾಗ, ಪಾರ್ಮೆಲಿಯೇಸಿ ಕುಟುಂಬ. ಮಸಾಲೆಗೆ ಹಾಕುವ ಕಲ್ಲುಹೂವು ಮುಖ್ಯವಾಗಿ ಪಾರ್ಮೊಟ್ರೀಮಾ ಪರ್ಲಾಟಮ್. ಲೈಕೆನ್‌ಗಳಲ್ಲಿ ದೊಡ್ಡ ಕುಟುಂಬ ಇದೇ. ಎತ್ತರದ ಕಾಡಿನ ಕೊಂಬೆಗಳಲ್ಲಿ ಗಡ್ಡದ ಹಾಗೆ ಜೋತಾಡುವ ಅಸ್ನಿಯಾವನ್ನು ಹಿಂದೆ ಅಸ್ನಿಯೇಸಿ ಅಂತ ಬೇರೆ ಇಟ್ಟಿದ್ದರು. ಈಗ ಅದೂ ಪಾರ್ಮೆಲಿಯೇಸಿ. ಒಂದು ಎಳೆ ಸಿಕ್ಕರೆ ಎರಡೂ ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ಮೇಲಿನ ಸಿಪ್ಪೆ ತುಂಡಾಗಿ ಒಳಗೆ ಬಿಳಿ ದಾರ ಕಾಣುತ್ತದೆ. ಆ ದಾರ ಕಂಡರೆ ಅಸ್ನಿಯಾ.

ಉತ್ತರ: ಕಳಸದ ತೋಟ

ಮೇಷ್ಟ್ರೇ, ಚೆನ್ನಾಗಿ ಹೇಳಿದಿರಿ. ನನ್ನದೊಂದು ಅನುಮಾನ. ಕಾಫಿ ತೋಟದಲ್ಲಿ ಹಾಲುವಾಣದ ಮರಕ್ಕೂ ಸಿಲ್ವರ್‌ಗೂ ಈ ಕಲ್ಲುಹೂವು ವಿಪರೀತ ಹತ್ತಿದೆ. ಮರದ ರಸ ಹೀರುತ್ತದೆ, ಕೆರೆದು ತೆಗೆಸಿ ಅಂತ ಆಳುಗಳು ಹೇಳುತ್ತಾರೆ. ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಹೊಡೆಯುವಾಗ ಕಾಂಡಕ್ಕೂ ಹೊಡೆದರೆ ಹೋಗುತ್ತದಂತೆ. ಶಿಲೀಂಧ್ರ ಅಂತ ನೀವೇ ಹೇಳುತ್ತೀರಿ. ಶಿಲೀಂಧ್ರ ಅಂದಮೇಲೆ ರೋಗ ತಾನೇ?

ಇನ್ನೊಂದು, ಸಿಲ್ವರ್ ಓಕ್‌ಗೆ ಓಕ್ ಮರದ ಕುಟುಂಬವೇನಾ?

ಉತ್ತರ: ಶಿವಮೊಗ್ಗದ ಬಾಟನಿ ಮೇಷ್ಟ್ರು

ಸಿಲ್ವರ್ ಓಕ್ ನಿಜವಾದ ಓಕ್ ಅಲ್ಲವೇ ಅಲ್ಲ. ಓಕ್‌ನ ಕುಟುಂಬ ಫ್ಯಾಗೇಸಿ. ಇದು ಆಸ್ಟ್ರೇಲಿಯಾದ ಮರ, ಗ್ರೆವಿಲಿಯಾ ರೋಬಸ್ಟಾ, ಕುಟುಂಬ ಪ್ರೋಟಿಯೇಸಿ. ಮಕಡಾಮಿಯ ಬೀಜದ ಮರ ಇದರ ನೆಂಟ.

ಕಲ್ಲುಹೂವು ರಸ ಹೀರುವುದಿಲ್ಲ ಸ್ವಾಮಿ. ದಯವಿಟ್ಟು ಕೆರೆಸಬೇಡಿ. ರಸ ಹೀರೋದು ಬಂದಳಿಕೆ. ಅದು ಲೊರಾಂಥೇಸಿ ಕುಟುಂಬದ ಹೂ ಬಿಡುವ ಗಿಡ, ಕೊಂಬೆಯೊಳಗೆ ಬೇರಿನಂಥದ್ದನ್ನು ಇಳಿಸಿ ಕೂತಿರುತ್ತದೆ. ಅದನ್ನು ಕಡಿಸಿ. ಕಲ್ಲುಹೂವು ತೊಗಟೆಯ ಮೇಲೆ ಸುಮ್ನೆ ಅಂಟಿಕೊಂಡಿರುತ್ತದೆ, ಅಷ್ಟೇ. ಬೆಳಕು, ಮಂಜು, ಮಳೆನೀರು ಸಿಕ್ಕರೆ ಒಳಗಿನ ಪಾಚಿಯೇ ಆಹಾರ ಮಾಡಿಕೊಡುತ್ತದೆ. ಬಂಡೆಯ ಮೇಲೂ ಬೆಳೆಯುತ್ತದಲ್ಲ, ಅಲ್ಲಿ ಯಾವ ರಸ ಇದೆ? ಸೊರಗಿದ ಮರದಲ್ಲಿ ಎಲೆ ಕಡಿಮೆಯಾಗಿ ಕಾಂಡಕ್ಕೆ ಬಿಸಿಲು ಬೀಳುತ್ತದೆ, ಆಗ ಕಲ್ಲುಹೂವು ಜಾಸ್ತಿ ಕಾಣುತ್ತದೆ. ಅದನ್ನು ನೋಡಿ ಕಲ್ಲುಹೂವಿನಿಂದಲೇ ಮರ ಸೊರಗಿತು ಅಂತ ಅಂದುಕೊಳ್ಳುತ್ತಾರೆ. ಬೋರ್ಡೋದಲ್ಲಿರುವ ತಾಮ್ರಕ್ಕೆ ಲೈಕೆನ್ ಸಾಯುವುದು ನಿಜ. ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಜೀವ ಅದು. ಅಂಗೈ ಅಗಲದ್ದನ್ನು ಕೆರೆದು ಹಾಕಿದರೆ ಮತ್ತೆ ಅಷ್ಟಾಗಲು ವರ್ಷಗಟ್ಟಲೆ ಬೇಕು.

ಪ್ರತಿಕ್ರಿಯೆ: ಮೂಡಿಗೆರೆ ಟೀಚರ್

ಸರ್, ತುಂಬ ತುಂಬ ಧನ್ಯವಾದ. ಇವತ್ತು ಲಂಟಾನದ ಗೊಂಚಲು ತರಿಸಿ ತೋರಿಸಿದೆ. ಇಡೀ ಕ್ಲಾಸು ಬೆಂಚಿನಿಂದ ಎದ್ದು ಬಂತು. ತೇಗದ ಹೂವಿಗೆ ಕಾಯುತ್ತಿದ್ದಾರೆ.

ಕಲ್ಲುಹೂವಿನ ಬೋರ್ಡಿಗೆ ಪಾರ್ಮೊಟ್ರೀಮಾ ಪರ್ಲಾಟಮ್ ಅಂತ ಬರೆಸಿಬಿಡಲಾ? ನಮ್ಮ ಮರದ ಮೇಲಿರುವುದು ಅದೇ ಅಂತ ಹೇಗೆ ಖಚಿತ ಮಾಡಿಕೊಳ್ಳೋದು? ಫೋಟೋ ಹಾಕಿದರೆ ಹೇಳುತ್ತೀರಾ?

ಉತ್ತರ: ಶಿವಮೊಗ್ಗದ ಬಾಟನಿ ಮೇಷ್ಟ್ರು

ಫೋಟೋ ನೋಡಿ ಪ್ರಭೇದ ಹೇಳಲಾರೆ ಮೇಡಂ. ಹೇಳಲೂಬಾರದು. ಗ್ರಂಥಿಗೆ ಅಂಗಡಿಯಲ್ಲಿ ಕಲ್ಲುಹೂವು ಅಂತ ಕೊಡುವುದರಲ್ಲೇ ಹಲವು ಪ್ರಭೇದ ಬೆರೆತಿರುತ್ತವೆ. ಒಂದು ಹಿಡಿ ತಂದು ಬಿಳಿ ಕಾಗದದ ಮೇಲೆ ಹರಡಿ ವಿಂಗಡಿಸಿ ನೋಡಿ, ಆ ಹುಡುಗಿ ನಮಗಿಂತ ಬೇಗ ಬೇರೆ ಮಾಡುತ್ತಾಳೆ.

ನಿಮ್ಮ ಕಡೆ ಮರದ ಮೇಲೆ ಎರಡು ಜೊತೆಜೊತೆಗೆ ಸಿಗುವ ಸಾಧ್ಯತೆ ಇದೆ. ಪಾರ್ಮೊಟ್ರೀಮಾ ಪರ್ಲಾಟಮ್, ಪಾರ್ಮೊಟ್ರೀಮಾ ಟಿಂಕ್ಟೋರಮ್. ಎರಡೂ ಅಗಲವಾದ ಬೂದು ಹಾಳೆ, ಎರಡರ ಅಡಿಭಾಗವೂ ಕಪ್ಪು, ಅಂಚಿನ ಹತ್ತಿರ ಕಂದು. ಭೂತಗನ್ನಡಿ ಹಿಡಿದು ಅಂಚನ್ನು ನೋಡಿ. ಕಪ್ಪು ರೆಪ್ಪೆಗೂದಲಿನಂಥ ಎಳೆಗಳು ಅಲ್ಲಲ್ಲಿ ಇದ್ದು, ಅಂಚಿನ ಉದ್ದಕ್ಕೂ ಹಿಟ್ಟು ಉದುರುವ ಹಾಗೆ ಪುಡಿ ಇದ್ದರೆ ಪರ್ಲಾಟಮ್ ಕಡೆ ವಾಲುತ್ತದೆ. ಅಂಚಿನಲ್ಲಿ ಕೂದಲಿಲ್ಲದೆ, ಹಾಳೆಯ ಮೈಮೇಲೆಲ್ಲ ಮರಳು ಮರಳಾಗಿ ಸಣ್ಣ ಮೊಳಕೆಗಳಿದ್ದರೆ ಟಿಂಕ್ಟೋರಮ್. ಬೆರಳಾಡಿಸಿದರೆ ತರಿತರಿ ಅನ್ನಿಸುತ್ತದೆ.

ಆಮೇಲೆ ಒಂದು ಪರೀಕ್ಷೆ. ಇದನ್ನು ನೀವೇ ಮಾಡಿ, ಮಕ್ಕಳ ಕೈಗೆ ಕೊಡಬೇಡಿ. ಬ್ಲೇಡಿನಿಂದ ಮೇಲಿನ ಪದರ ಮೆಲ್ಲಗೆ ಕೆರೆಯಿರಿ. ಒಳಗೆ ಹತ್ತಿಯಂಥ ಬಿಳಿ ಪದರ ಕಾಣುತ್ತದೆ. ಅದರ ಮೇಲೆ ಬಟ್ಟೆಗೆ ಹಾಕುವ ಬ್ಲೀಚಿನ ಒಂದು ಹನಿ ಬಿಡಿ, ಹೊಸ ಬಾಟಲಿಯದು. ಟಿಂಕ್ಟೋರಮ್ ಆದರೆ ಕಣ್ಣೆದುರೇ ಕೆಂಪಾಗುತ್ತದೆ, ಲೆಕನೋರಿಕ್ ಆಮ್ಲ ಇರುವುದರಿಂದ. ಪರ್ಲಾಟಮ್ ಆದರೆ ಬಣ್ಣ ಬರುವುದಿಲ್ಲ. ಅದಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿದರೆ ಹಳದಿ. ಬ್ಲೀಚು, ಪೊಟ್ಯಾಷು ಎರಡನ್ನೂ ಒಂದೇ ಜಾಗಕ್ಕೆ ಹಾಕಬೇಡಿ, ಬೇರೆ ಬೇರೆ ತುಂಡು ತಗೊಳ್ಳಿ. ಮಕ್ಕಳಿಗೆ ತೋರಿಸಲು ಇನ್ನೊಂದಿದೆ, ಅದಕ್ಕೆ ಬರೀ ನೀರು ಸಾಕು. ಒಣಗಿದ ಬೂದು ತುಂಡಿಗೆ ನಾಲ್ಕು ಹನಿ ನೀರು ಹಾಕಿ. ಮೇಲಿನ ಪದರ ತಿಳಿಯಾಗಿ, ಕೆಳಗಿನ ಪಾಚಿಯ ಹಸಿರು ಮೇಲೆ ಬರುತ್ತದೆ.

ಪರೀಕ್ಷೆ ಮಾಡಿದ ತುಂಡನ್ನು ಎಸೆಯಬೇಡಿ. ಹೆಸರು ಅನ್ನೋದು ಕೊನೆಗೆ ನಿಲ್ಲುವುದು ಕೈಯಲ್ಲಿರುವ ಮಾದರಿಯ ಮೇಲೆ. ಪ್ರತಿ ಪ್ರಭೇದದ ಹೆಸರಿಗೂ ಜಗತ್ತಿನಲ್ಲಿ ಒಂದು ಮೂಲ ಮಾದರಿ ಇರುತ್ತದೆ, ಸಾಮಾನ್ಯವಾಗಿ ಹರ್ಬೇರಿಯಮ್ಮಿನ (ಒಣಗಿಸಿದ ಗಿಡಗಳ ಸಂಗ್ರಹಾಲಯದ) ಒಂದು ಹಾಳೆ ಅಥವಾ ಪೊಟ್ಟಣ, ಕೆಲವು ಹಳೆಯ ಹೆಸರುಗಳಿಗೆ ಒಂದು ಚಿತ್ರ. ನಮ್ಮ ಮಲಬಾರ್ ಕರಾವಳಿಯ ಹಲವು ಗಿಡಗಳಿಗೆ ಲಿನೇಯಸ್ ಇಟ್ಟ ಹೆಸರುಗಳು 1678ರಿಂದ 1693ರವರೆಗೆ ಅಚ್ಚಾದ ಹೋರ್ಟಸ್ ಮಲಬಾರಿಕಸ್ ಅನ್ನುವ ಮಲಬಾರಿನ ಗಿಡಗಳ ಗ್ರಂಥದ ಚಿತ್ರಗಳ ಮೇಲೆ ನಿಂತಿವೆ. ಯಾರಿಗಾದರೂ ಅನುಮಾನ ಬಂದರೆ ವಾಪಸ್ ಹೋಗಿ ನೋಡಲು ಒಂದು ವಸ್ತು ಇದೆ, ಅದಕ್ಕೇ ಈ ವಿದ್ಯೆಯನ್ನು ನಾನು ಇಷ್ಟು ಗೌರವಿಸುತ್ತೇನೆ. ನಿಮ್ಮ ಶಾಲೆಯಲ್ಲೂ ಅಂಥದ್ದೊಂದು ಪೆಟ್ಟಿಗೆ ಇರಲಿ. ಲೈಕೆನ್ ಅನ್ನು ಹೂವಿನ ಹಾಗೆ ಒತ್ತಬೇಕಿಲ್ಲ. ನೆರಳಲ್ಲಿ ಗಾಳಿಗೆ ಒಣಗಿಸಿ, ಕಾಗದದ ಪೊಟ್ಟಣ ಮಡಚಿ ಅದರೊಳಗಿಡಿ. ಪ್ಲಾಸ್ಟಿಕ್ ಬೇಡ, ಬೂಸ್ಟು ಬರುತ್ತದೆ. ಪೊಟ್ಟಣದ ಮೇಲೆ ಊರು, ಯಾವ ಮರ, ನೆಲದಿಂದ ಎಷ್ಟು ಎತ್ತರ, ತಾರೀಕು, ಕಿತ್ತವರ ಹೆಸರು, ಬಣ್ಣದ ಪರೀಕ್ಷೆಯಲ್ಲಿ ಏನಾಯಿತು, ಇಷ್ಟು ಬರೆಯಿರಿ. ನಿಮ್ಮ ಕಾಂಪೌಂಡಿನ ಮರದಿಂದ ಚೂರು ತಗೊಂಡರೆ ಸಾಕು. ರಿಸರ್ವ್ ಫಾರೆಸ್ಟಿನೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಏನನ್ನೂ ಕೀಳಬೇಡಿ.

ಗಿಡಗಳ ಹೆಸರು ನೋಡಲು ಕ್ಯೂ ಉದ್ಯಾನದವರ ಪ್ಲಾಂಟ್ಸ್ ಆಫ್ ದಿ ವರ್ಲ್ಡ್ ಆನ್‌ಲೈನ್ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಮ್ಮಿನವರು ಕರ್ನಾಟಕದ ಗಿಡಗಳದ್ದೇ ಒಂದು ತಾಣ ಮಾಡಿದ್ದಾರೆ, ಫೋಟೋಗಳೂ ಇವೆ. ಲೈಕೆನ್ ಅಲ್ಲಿ ಸಿಗುವುದಿಲ್ಲ, ಅದಕ್ಕೆ ಶಿಲೀಂಧ್ರಗಳ ಹೆಸರಿನ ತಾಣವಾದ ಇಂಡೆಕ್ಸ್ ಫಂಗೋರಮ್ ನೋಡಬೇಕು.

ಬೋರ್ಡಿಗೆ ಸದ್ಯ ಪಾರ್ಮೊಟ್ರೀಮಾ ಅಂತ ಜೀನಸ್ ಮಾತ್ರ ಬರೆಸಿ, ಪಕ್ಕದಲ್ಲಿ ಒಂದು ಪದದಷ್ಟು ಜಾಗ ಬಿಡಿ. ಕೆಳಗೆ ಪಾರ್ಮೆಲಿಯೇಸಿ. ಬ್ಲೀಚಿನ ಹನಿ ಹಾಕಿ ನೋಡಿದ ಮೇಲೆ ಉಳಿದ ಪದವನ್ನು ಆ ಹುಡುಗಿಯ ಕೈಯಲ್ಲೇ ಬರೆಸಿ.